ಮೊದಲ ಠಾಣೆಯ ಮೇಷ್ಟ್ರು

2020ರ ಬೇಸಿಗೆಯಲ್ಲಿ ಒಂದು ಹೋಲಿಕೆ ಊರೆಲ್ಲ ಸುತ್ತಿ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದು ತಲುಪಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ಯೂಟಿ ಪಾರ್ಲರ್ ಕೆಲಸಕ್ಕೆ ಲೈಸೆನ್ಸ್ ಬೇಕಾದರೆ 1600 ಗಂಟೆಗಳ ತರಬೇತಿ ಆಗಬೇಕು. ಪೊಲೀಸ್ ಆಗಲು ನಿಯಮ ಕೇಳುವ ಕನಿಷ್ಠ ತರಬೇತಿ ಮಾತ್ರ 664 ಗಂಟೆ. ಕೂದಲು ಕತ್ತರಿಸುವವರಿಗೆ ಬೇಕಾದಷ್ಟು ಕಲಿಕೆ, ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಬೀದಿಗೆ ಬರುವವರಿಗೆ ಬೇಡವೇ? ಅಂಕಿಗಳು ಸುಳ್ಳಲ್ಲ. (ಆಮೇಲೆ ಆ ರಾಜ್ಯ ಪಾರ್ಲರಿನ 1600ನ್ನು 1000ಕ್ಕೆ ಇಳಿಸಿತು. ಅಲ್ಲಿನ ಪೊಲೀಸ್ ಅಕಾಡೆಮಿಗಳು ಬಹುಪಾಲು 664ಕ್ಕಿಂತ ಹೆಚ್ಚೇ ಕಲಿಸುತ್ತವೆ ಅನ್ನುವುದನ್ನೂ ಹೇಳಬೇಕು.) ಆದರೂ ಈ ಗಂಟೆ ಎಣಿಸುವ ಲೆಕ್ಕದ ಬಗ್ಗೆ ನನಗೆ ಅಂದಿನಿಂದಲೂ ಅನುಮಾನ. ಪೊಲೀಸ್ ಕೆಲಸವನ್ನು ಮನುಷ್ಯ ಎಲ್ಲಿ, ಯಾರಿಂದ ಕಲಿಯುತ್ತಾನೆ ಎಂಬ ಪ್ರಶ್ನೆಯನ್ನೇ ಅದು ಬದಿಗೆ ಸರಿಸಿಬಿಡುತ್ತದೆ.

ಆ ಚರ್ಚೆ ಹುಟ್ಟಿದ್ದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ತಾನೆ? ಮಿನಿಯಾಪೊಲಿಸ್ ಇರುವುದು ಮಿನ್ನೆಸೋಟ ರಾಜ್ಯದಲ್ಲಿ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹೈಸ್ಕೂಲು ಮುಗಿಸಿದ್ದರೆ ಪೊಲೀಸ್ ಆಗಬಹುದು. ಕನಿಷ್ಠ ಎರಡು ವರ್ಷದ ಕಾಲೇಜು ಪದವಿ ಇರಲೇಬೇಕು ಎಂದು ಹಟ ಹಿಡಿದಿರುವ ಕೆಲವೇ ರಾಜ್ಯಗಳಲ್ಲಿ ಮಿನ್ನೆಸೋಟ ಒಂದು. ಓದು ಹೆಚ್ಚಾದರೆ ಪೊಲೀಸರು ಸರಿಹೋಗುತ್ತಾರೆ ಎನ್ನುವುದಾದರೆ ಅಲ್ಲಿ ಆಗಬಾರದಿತ್ತು. 2021ರ ವಿಚಾರಣೆಯಲ್ಲಿ ಆ ನಗರದ ಪೊಲೀಸ್ ಮುಖ್ಯಸ್ಥರೇ ಸಾಕ್ಷಿಕಟ್ಟೆ ಹತ್ತಿ, ನೆಲಕ್ಕೆ ಬಿದ್ದವನ ಕುತ್ತಿಗೆಯ ಮೇಲೆ ಹೀಗೆ ಮೊಣಕಾಲೂರುವುದು ನಾವು ಕೊಟ್ಟ ತರಬೇತಿಯಲ್ಲ ಎಂದರು. ಅವರು ಹೇಳಿದ್ದು ನಿಜವೇ ಇರಬೇಕು. ಪುಸ್ತಕದಲ್ಲಿ ಹಾಗಿರಲಿಲ್ಲ.

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗಲಿಲ್ಲ. 19 ವರ್ಷ ಸೇವೆಯಾಗಿದ್ದ ಡೆರೆಕ್ ಶಾವಿನ್ ಬರೀ ಹಿರಿಯ ಅಧಿಕಾರಿಯಾಗಿರಲಿಲ್ಲ, ‘ಫೀಲ್ಡ್ ಟ್ರೇನಿಂಗ್ ಆಫೀಸರ್’ ಆಗಿದ್ದ. ಅಕಾಡೆಮಿ ಮುಗಿಸಿ ಬಂದ ಹೊಸಬರನ್ನು ತಿಂಗಳುಗಟ್ಟಲೆ ತನ್ನ ಜೊತೆ ಇಟ್ಟುಕೊಂಡು ಬೀದಿಯ ಕೆಲಸ ಕಲಿಸುವ ಮೇಷ್ಟ್ರು. ಆ ದಿನ ಅಲ್ಲಿದ್ದ ಇಬ್ಬರು ಕಿರಿಯರು ಪೂರ್ಣ ಪ್ರಮಾಣದ ಅಧಿಕಾರಿಗಳಾಗಿ ಒಂದು ವಾರವೂ ಆಗಿರಲಿಲ್ಲ. ಅವರಲ್ಲಿ ಒಬ್ಬನಿಗೆ ಶಾವಿನ್ನೇ ಕಲಿಸಿದ್ದ. ಇನ್ನೊಬ್ಬ ಎರಡು ಸಲ ಕೇಳಿದ: ಇವನನ್ನು ಮಗ್ಗುಲಿಗೆ ಹೊರಳಿಸೋಣವೇ ಎಂದು. ಬೇಡ ಎಂಬ ಉತ್ತರ ಬಂತು. ಅಲ್ಲಿಗೆ ಮುಗಿಯಿತು. ಕೇಳಿದವನಿಗೆ ಸರಿಯಾದದ್ದು ಗೊತ್ತಿತ್ತು, ಗೊತ್ತಿದ್ದನ್ನು ಬಾಯಿ ಬಿಟ್ಟು ಹೇಳಿಯೂ ಇದ್ದ. ಹಿರಿಯನ ಕೈ ಹಿಡಿದು ಎಳೆಯುವುದನ್ನು ಮಾತ್ರ ಅವನಿಗೆ ಯಾರೂ ಕಲಿಸಿರಲಿಲ್ಲ.

ನನ್ನ ವಾದ ಇಷ್ಟೇ. ದೇಶದಿಂದ ದೇಶಕ್ಕೆ ಪೊಲೀಸ್ ತರಬೇತಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಗಂಟೆ, ತಿಂಗಳು, ಪದವಿಗಳಿಗೆ ಎರಡನೆಯ ಸ್ಥಾನ. ಮೊದಲು ನೋಡಬೇಕಾದದ್ದು ಎರಡು: ಅತ್ಯಂತ ಕೆಳಗಿನ ಹುದ್ದೆಗೆ ಸೇರುವವರನ್ನು ಆ ದೇಶ ಯೋಚಿಸಿ ತೀರ್ಮಾನ ಮಾಡುವ ವ್ಯಕ್ತಿ ಎಂದು ಎಣಿಸಿದೆಯೇ, ಇಲ್ಲ ಹೇಳಿದ್ದನ್ನು ಮಾಡುವ ಆಳು ಎಂದೇ? ಶಾಲೆಯಿಂದ ಹೊರಬಿದ್ದ ಮೊದಲ ವರ್ಷ ಅವರು ಯಾರ ಕೈಗೆ ಸಿಗುತ್ತಾರೆ?

ಅಮೆರಿಕದಿಂದಲೇ ಶುರು ಮಾಡೋಣ. ಅಲ್ಲಿ ಸುಮಾರು 18 ಸಾವಿರ ಪ್ರತ್ಯೇಕ ಪೊಲೀಸ್ ಸಂಸ್ಥೆಗಳಿವೆ. ನಗರಕ್ಕೊಂದು, ಕೌಂಟಿಗೊಂದು, ವಿಶ್ವವಿದ್ಯಾಲಯಕ್ಕೊಂದು. ದೇಶಕ್ಕೆಲ್ಲ ಒಂದೇ ಪಠ್ಯಕ್ರಮವಿಲ್ಲ. ಅವರ ಸರ್ಕಾರದ 2018ರ ಸಮೀಕ್ಷೆಯ ಪ್ರಕಾರ ಮೂಲ ತರಬೇತಿ ಸರಾಸರಿ 833 ಗಂಟೆ, ಅಂದರೆ ಐದು ತಿಂಗಳ ಆಸುಪಾಸು. ಆ ಗಂಟೆಗಳನ್ನು ಹೇಗೆ ಹಂಚುತ್ತಾರೆ ಎಂಬುದೇ ಹೆಚ್ಚು ಹೇಳುತ್ತದೆ. ಪೊಲೀಸ್ ಮುಖ್ಯಸ್ಥರ ಒಂದು ಸಂಶೋಧನಾ ವೇದಿಕೆ 2015ರಲ್ಲಿ ಇಲಾಖೆಗಳನ್ನು ಕೇಳಿದಾಗ ಬಂದ ಉತ್ತರ: ಬಂದೂಕಿಗೆ 58 ಗಂಟೆ, ಕೈಕೈ ಮಿಲಾಯಿಸುವ ವಿದ್ಯೆಗೆ 49 ಗಂಟೆ, ಸಿಟ್ಟಿಗೆದ್ದವರನ್ನು ಮಾತಿನಲ್ಲಿ ತಣ್ಣಗಾಗಿಸುವುದಕ್ಕೆ 8 ಗಂಟೆ. ಕಲಿಸಿದ್ದನ್ನೇ ತಾನೆ ಕೈ ಮೊದಲು ಹುಡುಕುವುದು? ಪೊಲೀಸರ ಗುಂಡಿಗೆ ಅಲ್ಲಿ ವರ್ಷಕ್ಕೆ ಸುಮಾರು ಸಾವಿರ ಜನ ಸಾಯುತ್ತಾರೆ. ಎದುರಿಗಿರುವವರ ಕೈಯಲ್ಲೂ ಬಂದೂಕು ಇರಬಹುದಾದ ದೇಶ ಅದು ಎಂಬುದನ್ನು ಮರೆಯುವಂತಿಲ್ಲ, ನಿಜ. ಆದರೆ ಚಾಕು ಹಿಡಿದವರೂ, ಬರಿಗೈಯವರೂ, ತಲೆ ಕೆಟ್ಟು ಬೀದಿಗೆ ಬಂದವರೂ ಆ ಲೆಕ್ಕದಲ್ಲಿದ್ದಾರೆ.

ಇನ್ನು ನಾರ್ವೆ. ಅಲ್ಲಿ ಪೊಲೀಸ್ ಆಗುವುದೆಂದರೆ ಮೂರು ವರ್ಷದ ಪದವಿ ಓದುವುದು. ಮೊದಲ ವರ್ಷ ಪೊಲೀಸ್ ಕಾಲೇಜಿನಲ್ಲಿ, ಎರಡನೆಯ ವರ್ಷ ಪೂರ್ತಿ ಯಾವುದಾದರೂ ಜಿಲ್ಲೆಯ ಠಾಣೆಯಲ್ಲಿ ಮಾರ್ಗದರ್ಶಕರ ಜೊತೆ, ಮೂರನೆಯ ವರ್ಷ ಮತ್ತೆ ಕಾಲೇಜಿಗೆ. ಕಾನೂನು, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ನೀತಿ, ಕೊನೆಗೊಂದು ಪ್ರಬಂಧ. ಫಿನ್ಲೆಂಡಿನ ತಂಪೆರೆಯಲ್ಲಿರುವ ಪೊಲೀಸ್ ಕಾಲೇಜಿನದೂ ಹೆಚ್ಚುಕಡಿಮೆ ಇದೇ ಬಗೆ. ಜರ್ಮನಿಯಲ್ಲಿ ರಾಜ್ಯಕ್ಕೊಂದು ಪದ್ಧತಿ. ಕೆಲವೆಡೆ ಎರಡೂವರೆ ವರ್ಷದ ತರಬೇತಿ, ನಾರ್ತ್ ರೈನ್-ವೆಸ್ಟ್‌ಫೇಲಿಯಾದಂಥ ರಾಜ್ಯಗಳಲ್ಲಿ ಬೀದಿಗೆ ಬರುವ ಪ್ರತಿಯೊಬ್ಬರಿಗೂ ಮೂರು ವರ್ಷದ ಪದವಿ.

ನಾರ್ವೆಯ ಉದಾಹರಣೆ ಕೊಟ್ಟರೆ ನಮ್ಮವರಿಗೆ ನಗು ಬರುತ್ತದೆ. ಬರಬೇಕಾದದ್ದೇ. 55 ಲಕ್ಷ ಜನರ ದೇಶ ಅದು, ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲ. ಆದರೆ ಆ ಮೂರು ವರ್ಷದ ಜೋಡಣೆಯನ್ನು ಸ್ವಲ್ಪ ನೋಡಿ: ಶಾಲೆ, ಠಾಣೆ, ಮತ್ತೆ ಶಾಲೆ. ಮೊದಲ ವರ್ಷ ಓದಿದ್ದನ್ನು ಎರಡನೆಯ ವರ್ಷ ಬೀದಿ ಪರೀಕ್ಷೆ ಮಾಡುತ್ತದೆ. ಠಾಣೆಯಲ್ಲಿ ಕಂಡದ್ದನ್ನೆಲ್ಲ ಹೊತ್ತುಕೊಂಡು ಮೂರನೆಯ ವರ್ಷ ವಾಪಸ್ಸು ಬಂದಾಗ ಪ್ರಶ್ನೆ ಕೇಳುವುದು ವಿದ್ಯಾರ್ಥಿ: ನೀವು ಹೀಗೆ ಹೇಳಿದ್ದಿರಿ, ಅಲ್ಲಿ ನಡೆಯುವುದು ಹಾಗೆ, ಏಕೆ? ಆ ಪ್ರಶ್ನೆ ಕೇಳಲು ಒಂದು ಜಾಗವಿದೆ, ಕೇಳಿಸಿಕೊಳ್ಳುವ ಸಂಬಳದ ಜನ ಇದ್ದಾರೆ.

ಇದಕ್ಕೆ ಶ್ರೀಮಂತಿಕೆಯಾಗಲಿ ಪದವಿಯಾಗಲಿ ಬೇಕೇಬೇಕು ಎಂದಿಲ್ಲ ಎನ್ನುವುದಕ್ಕೆ ಜಪಾನ್ ಸಾಕ್ಷಿ. ಅಲ್ಲಿ ಹೈಸ್ಕೂಲು ಮುಗಿಸಿದವರಿಗೆ ಪ್ರಾಂತದ ಪೊಲೀಸ್ ಶಾಲೆಯಲ್ಲಿ ಸುಮಾರು ಹತ್ತು ತಿಂಗಳು, ಪದವೀಧರರಿಗೆ ಆರು ತಿಂಗಳು. ಜೂಡೋ ಅಥವಾ ಕೆಂಡೋ ಕಡ್ಡಾಯ. ಶಿಸ್ತು ಬಲು ಬಿಗಿ. ನಾರ್ವೆಯ ಕಾಲೇಜಿನ ಸಲಿಗೆ ಅಲ್ಲಿಲ್ಲ. ಆಮೇಲೆ ‘ಕೋಬನ್’ಗೆ ಕಳಿಸುತ್ತಾರೆ. ಬೀದಿ ಮೂಲೆಯ ಪುಟ್ಟ ಪೊಲೀಸ್ ಚೌಕಿ ಅದು. ದಾರಿ ಕೇಳುವವರು, ಕಳೆದ ಕೊಡೆ ಹುಡುಕಿ ಬರುವವರು, ಕುಡಿದು ಮನೆ ಮರೆತವರು ಎಲ್ಲರೂ ಅಲ್ಲಿಗೇ ಬರುವುದು. ಕೆಲವು ತಿಂಗಳು ಹಿರಿಯರೊಬ್ಬರ ಜೊತೆ ಅಲ್ಲಿ ಕೆಲಸ ಮಾಡಿದ ಮೇಲೆ ಹೊಸಬರು ಮತ್ತೆ ಶಾಲೆಗೆ ಮರಳಬೇಕು. ಮುಗಿಸಿ ಪುನಃ ಠಾಣೆಗೆ. ಅವರದೂ ಅದೇ ಹೆಣಿಗೆ: ಶಾಲೆ, ಬೀದಿ, ಶಾಲೆ, ಬೀದಿ. ಸ್ವಭಾವದಲ್ಲಿ ಇಷ್ಟು ಬೇರೆಯಾದ ಎರಡು ದೇಶಗಳು ಇದೊಂದರಲ್ಲಿ ಒಂದೇ ತೀರ್ಮಾನಕ್ಕೆ ಬಂದಿರುವುದನ್ನು ಸುಮ್ಮನೆ ಬಿಡಲಾಗದು.

ಬ್ರಿಟನ್ನಿನ ಕಥೆ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2018ರಿಂದ ಹೊಸ ಕಾನ್‌ಸ್ಟೇಬಲ್‌ಗಳಿಗೆಲ್ಲ ಪದವಿ ಮಟ್ಟದ ಓದು ಬೇಕೆಂಬ ವ್ಯವಸ್ಥೆ ಬಂತು. ಲಿಂಕನ್‌ಶೈರ್ ಪೊಲೀಸರು ಇದು ನಮಗೆ ದುಬಾರಿ ಎಂದು ಕೋರ್ಟಿಗೇ ಹೋಗಿ ಸೋತರು. ಕಡೆಗೆ ಸರ್ಕಾರ ಬದಲಾದ ಮನಸ್ಸಿನಲ್ಲಿ 2022ರಲ್ಲಿ ಪದವಿಯಿಲ್ಲದ ದಾರಿಯೂ ಇರಲಿ ಎಂದಿತು. 2024ರಲ್ಲಿ ಅಂಥ ಹೊಸ ಪ್ರವೇಶ ಕ್ರಮವೂ ಬಂತು. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ, ಆ ಜಗಳ ಅವರಿಗಿರಲಿ. ನನಗೆ ಮುಖ್ಯವಾಗಿ ಕಾಣುವುದು ಆ ದೇಶದ ಇನ್ನೊಂದು ಹಳೆಯ ಪದ್ಧತಿ: ಅಲ್ಲಿ ಎಲ್ಲರೂ ಕಾನ್‌ಸ್ಟೇಬಲ್ ಆಗಿಯೇ ಸೇರುತ್ತಾರೆ. ಲಂಡನ್ ಪೊಲೀಸ್ ಕಮಿಷನರ್ ಆಗುವವರೂ ಒಂದು ಕಾಲಕ್ಕೆ ರಾತ್ರಿ ಬೀಟ್ ನಡೆದವರೇ. ಮೇಲಿನ ಹುದ್ದೆಗೆ ನೇರವಾಗಿ ಸೇರಿಸಿಕೊಳ್ಳುವ ಪ್ರಯೋಗವನ್ನು 1934ರಲ್ಲಿ ಒಮ್ಮೆ ಹೆಂಡನ್‌ನಲ್ಲಿ ಮಾಡಿದರು, ಐದೇ ವರ್ಷದಲ್ಲಿ ಮುಚ್ಚಿದರು. 2014ರಲ್ಲಿ ಮತ್ತೊಮ್ಮೆ ಮಾಡಿದರು, ಅದೂ ಬಹಳ ದಿನ ಬಾಳಲಿಲ್ಲ.

ತಮ್ಮ ಮನೆಗೆ ಹೀಗೆ ಒಂದೇ ಬಾಗಿಲಿಟ್ಟುಕೊಂಡ ಇದೇ ಬ್ರಿಟಿಷರು ನಮಗೆ ಕಟ್ಟಿಕೊಟ್ಟ ಮನೆಗೆ ಎರಡು ಬಾಗಿಲಿಟ್ಟರು. ರಾಬರ್ಟ್ ಪೀಲ್ 1829ರಲ್ಲಿ ಲಂಡನ್ನಿಗೆ ಮಾಡಿದ್ದು ಕೋವಿಯಿಲ್ಲದ ಪೊಲೀಸ್. ಆದರೆ ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಗೆದ್ದ ಮೇಲೆ ಅಲ್ಲಿಗೆ ಪೊಲೀಸ್ ವ್ಯವಸ್ಥೆ ರೂಪಿಸುವಾಗ ಮಾದರಿಯಾಗಿ ತೆಗೆದುಕೊಂಡದ್ದು ಐರ್ಲೆಂಡಿನ ಸಶಸ್ತ್ರ ಪಡೆಯನ್ನು. ಗೆದ್ದ ನಾಡನ್ನು ಹದ್ದುಬಸ್ತಿನಲ್ಲಿಡಲು ಅದು ಸರಿಯಾದ ಮಾದರಿ. 1857ರ ಬಂಡಾಯದ ಬೆನ್ನಿಗೆ ಬಂದ 1861ರ ಪೊಲೀಸ್ ಕಾಯ್ದೆಯಲ್ಲಿ ಅದೇ ಚಿಂತನೆ ದೇಶದ ಬಹುಭಾಗಕ್ಕೆ ಹರಡಿತು. ಮೇಲೆ ಯೋಚಿಸುವ ಸಾಹೇಬ, ಕೆಳಗೆ ಹೇಳಿದ್ದು ಮಾಡುವ ಸಿಪಾಯಿ. ನಮ್ಮ ‘ಪೇದೆ’ ಎಂಬ ಮಾತನ್ನೇ ನೋಡಿ, ಅದು ಫಾರ್ಸಿಯ ‘ಪ್ಯಾದಾ’ದಿಂದ ಬಂದದ್ದು, ಕಾಲಾಳು ಎಂದರ್ಥ. ಚದುರಂಗದ ಮಣೆಯ ಮೇಲೂ ಅವನೇ ಮುಂದಿನ ಸಾಲು.

ಆ ಎರಡು ಬಾಗಿಲು ಇಂದಿಗೂ ಹಾಗೇ ಇವೆ. ಐಪಿಎಸ್‌ಗೆ ಆಯ್ಕೆಯಾದವರಿಗೆ ಮಸ್ಸೂರಿಯಲ್ಲಿ ಬುನಾದಿ ಪಾಠ. ಅಲ್ಲಿಂದ ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ. 1948ರಲ್ಲಿ ಮೌಂಟ್ ಅಬುವಿನಲ್ಲಿ ಶುರುವಾಗಿ 1975ರಲ್ಲಿ ಹೈದರಾಬಾದಿಗೆ ಬಂದ ಸಂಸ್ಥೆ ಅದು. ಅಲ್ಲಿ ಒಂದು ಹಂತ ಮುಗಿಸಿ ತಿಂಗಳುಗಟ್ಟಲೆ ಜಿಲ್ಲೆಯಲ್ಲಿ ಪ್ರಾಯೋಗಿಕ ತರಬೇತಿ, ಠಾಣೆಯ ಉಸ್ತುವಾರಿಯ ಅನುಭವ ಕೂಡ. ಆಮೇಲೆ ಮತ್ತೆ ಅಕಾಡೆಮಿಗೆ ಮರಳಿ ಎರಡನೆಯ ಹಂತ. ಒಟ್ಟು ಸುಮಾರು ಎರಡು ವರ್ಷ. ಶಾಲೆ, ಠಾಣೆ, ಮತ್ತೆ ಶಾಲೆ. ನಾರ್ವೆಯ ಮಾದರಿ ಭಾರತದಲ್ಲಿ ಅಸಾಧ್ಯ ಎಂದು ನಗುವವರು ಇದನ್ನು ಗಮನಿಸಬೇಕು: ಅದು ಇಲ್ಲಿ ದಶಕಗಳಿಂದ ನಡೆಯುತ್ತಲೇ ಇದೆ, ಮೇಲಿನ ಬಾಗಿಲಿನಲ್ಲಿ ಬರುವವರಿಗೆ ಮಾತ್ರ.

ಕೆಳಗಿನ ಬಾಗಿಲಿನಲ್ಲಿ ಬರುವವರು ರಾಜ್ಯ ಪೊಲೀಸ್ ಪಡೆಗಳ ನೂರಕ್ಕೆ 86ರಷ್ಟು ಮಂದಿ. ಅವರಿಗೆ ಹೆಚ್ಚಿನ ರಾಜ್ಯಗಳಲ್ಲಿ ಸಿಗುವುದು ಒಂಬತ್ತು ತಿಂಗಳ ಆಸುಪಾಸಿನ ತರಬೇತಿ. ಈ ಪತ್ರಿಕೆ ಓದುವ ನೀವು ಆ ಶಾಲೆಗಳ ಗೋಡೆ ಪಕ್ಕದಲ್ಲಿ ಓಡಾಡಿರುತ್ತೀರಿ: ಮುಂಬಯಿಯ ಮರೋಳ, ದೆಹಲಿಯ ಝರೋಡಾ ಕಲಾಂ, ಊರಿಗೆ ಹೋಗುವಾಗ ಸಿಗುವ ಚನ್ನಪಟ್ಟಣ. ಬೆಳಗಿನ ಜಾವ ಹೊರಗೆ ಕೇಳುವುದು ಕವಾಯತಿನ ಸದ್ದು. ಕವಾಯತು, ಓಟ, ಲಾಠಿ, ಬಂದೂಕು, ಗಲಭೆ ನಿಯಂತ್ರಣ. ಜೊತೆಗೆ ಕಾನೂನಿನ ಪಾಠ, ಬಹಳಷ್ಟು ಕಡೆ ಬಾಯಿಪಾಠ. ದೇಹ ಗಟ್ಟಿಯಾಗಬೇಕು, ಸಾಲಿನಲ್ಲಿ ನಿಲ್ಲಲು ಬರಬೇಕು, ಒಪ್ಪುತ್ತೇನೆ. ಜಾತ್ರೆ, ಚುನಾವಣೆ, ಗಲಭೆಯ ಬಂದೋಬಸ್ತಿಗೆ ಅದು ಬೇಕು. ಕೆಲವು ರಾಜ್ಯಗಳಲ್ಲಿ ಕೆಲವು ವಾರ ಠಾಣೆಗೂ ಕಳಿಸುತ್ತಾರೆ. ಆದರೆ ಒಮ್ಮೆ ನಿರ್ಗಮನ ಪಥಸಂಚಲನ ಮುಗಿಸಿ ಹೊರಬಿದ್ದ ಕಾನ್‌ಸ್ಟೇಬಲ್ ಮತ್ತೆ ಶಾಲೆಯ ಮುಖ ಕಾಣುವುದು ಅಪರೂಪ. ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 2019ರಲ್ಲಿ ಹೊರತಂದ ವರದಿ ಹೇಳುವಂತೆ, ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಸೇವೆಯಲ್ಲಿದ್ದಾಗ ತರಬೇತಿ ಪಡೆದವರು ಸರಾಸರಿ ನೂರಕ್ಕೆ 6.4 ಮಂದಿ. ಅದರಲ್ಲೂ ಹಿರಿಯ ಅಧಿಕಾರಿಗಳಿಗೆ ಸಿಕ್ಕ ಪಾಲು ಕೆಳಗಿನವರಿಗೆ ಸಿಕ್ಕಿಲ್ಲ.

ಈಗ ಕಾನ್‌ಸ್ಟೇಬಲ್ ದಿನವಿಡೀ ಮಾಡುವ ಕೆಲಸವನ್ನು ನೆನೆಯಿರಿ. ಕಾಗದದ ಮೇಲೆ ಆತನಿಗೆ ಇರುವ ಅಧಿಕಾರ ಅಷ್ಟಕ್ಕಷ್ಟೆ. ಎಫ್‌ಐಆರ್ ದಾಖಲಿಸುವ ಹೊಣೆ ಠಾಣಾಧಿಕಾರಿಯದು, ತನಿಖೆ ಮೇಲಿನವರದು. ಆದರೆ ರಾತ್ರಿ ಹನ್ನೊಂದಕ್ಕೆ ಗಂಡ ಹೊಡೆದನೆಂದು ಬಂದ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಬೇಕೇ, ನಾಳೆ ಬಾ ಎನ್ನಬೇಕೇ ಎಂದು ತೀರ್ಮಾನಿಸುವುದು ಮೊದಲು ಎದುರಾದ ಕಾನ್‌ಸ್ಟೇಬಲ್. ಮನೆ ಬಿಟ್ಟು ಬಂದ ಹುಡುಗ-ಹುಡುಗಿಯ ವಿಷಯ ಅವರ ಮನೆಯವರಿಗೆ ತಿಳಿಸಬೇಕೇ, ವಯಸ್ಸಿನ ದಾಖಲೆ ನೋಡಿ ಸುಮ್ಮನಿರಬೇಕೇ? ಅಪಘಾತದಲ್ಲಿ ತಪ್ಪು ಯಾರದು? ಊರಿಗೆ ಹೊಸಬನಾದ ಕೂಲಿಯವನ ಮಾತು ನಂಬಬೇಕೇ, ಅಂಗಡಿ ಮಾಲೀಕನದೇ? ನಮ್ಮಂಥ ಪರಊರಿನವರಿಗೆ ಪೊಲೀಸ್ ಎಂದರೆ ಬಹುಮಟ್ಟಿಗೆ ಪಾಸ್‌ಪೋರ್ಟ್ ವಿಚಾರಣೆಗೋ ಬಾಡಿಗೆದಾರರ ಫಾರಂ ಹಿಡಿದುಕೊಂಡೋ ಬಾಗಿಲಿಗೆ ಬರುವ ಒಬ್ಬ ಕಾನ್‌ಸ್ಟೇಬಲ್. ಇವರು ಇಲ್ಲಿಯವರಲ್ಲ ಎಂದು ನೋಡುವ ಕಣ್ಣು, ನೋಡಿದ ಮೇಲೆ ಆಡುವ ಮಾತು, ಅವೂ ತೀರ್ಮಾನಗಳೇ. ಹೇಳಿದಂತೆ ಕೇಳಲು ತರಬೇತಿ ಕೊಟ್ಟವರ ಕೈಗೆ ನಾವು ತೀರ್ಮಾನ ಮಾಡುವ ಕೆಲಸ ಕೊಟ್ಟಿದ್ದೇವೆ. ಶಾಲೆಯಲ್ಲಿ ಕಲಿಸದ್ದನ್ನು ಆತ ಎಲ್ಲಿಂದ ಕಲಿಯಬೇಕು? ಠಾಣೆಯ ರೈಟರಿಂದ, ದಫೇದಾರರಿಂದ, ರಾತ್ರಿ ಬೀಟಿನ ಜೊತೆಗಾರನಿಂದ. ಅವರು ಒಳ್ಳೆಯವರಾದರೆ ಪುಣ್ಯ.

ಅಮೆರಿಕ ಕೊನೆಯ ಪಕ್ಷ ಆ ಬೀದಿ ಮೇಷ್ಟ್ರಿಗೊಂದು ಹುದ್ದೆಯ ಹೆಸರು ಕೊಟ್ಟಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರ 1972ರಲ್ಲಿ ಶುರು ಮಾಡಿದ ಪದ್ಧತಿ ಅದು. ಹೊಸಬರ ಬಗ್ಗೆ ಅವರು ದಿನದಿನವೂ ಬರೆದಿಡಬೇಕು. ಶಾವಿನ್‌ನಂಥವನಿಗೆ ಆ ಕೆಲಸ ಕೊಟ್ಟರು ಎಂಬುದು ಆಯ್ಕೆಯ ಸೋಲು. ನಮ್ಮಲ್ಲಿ ಸೋಲುವುದಕ್ಕೆ ಆಯ್ಕೆ ಎಂಬುದೇ ಇಲ್ಲ.

ಮಿನಿಯಾಪೊಲಿಸ್ ಆಗಿ ಒಂದು ತಿಂಗಳೂ ತುಂಬುವ ಮೊದಲೇ, 2020ರ ಜೂನ್‌ನಲ್ಲಿ, ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಜಯರಾಜ್ ಮತ್ತು ಅವರ ಮಗ ಬೆನಿಕ್ಸ್ ಪೊಲೀಸ್ ವಶದಲ್ಲಿ ಹೊಡೆತ ತಿಂದು ಸತ್ತರು. ಲಾಕ್‌ಡೌನ್ ಸಮಯ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಎಂಬುದರಿಂದ ಶುರುವಾದ ಪ್ರಕರಣ. ಚೆನ್ನೈ ಓದುಗರಿಗೆ ನಾನು ನೆನಪಿಸಬೇಕಿಲ್ಲ. ಆ ರಾತ್ರಿ ಠಾಣೆಯಲ್ಲಿದ್ದ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬರು ತನಿಖೆಗೆ ಬಂದ ಮ್ಯಾಜಿಸ್ಟ್ರೇಟರ ಮುಂದೆ ಕಂಡದ್ದನ್ನು ಹೇಳಿದರು. ತಮ್ಮದೇ ಠಾಣೆಯವರ ವಿರುದ್ಧ ಹಾಗೆ ಹೇಳಲು ಎಂಥ ಎದೆ ಬೇಕು ಎಂಬುದನ್ನು ಯಾವುದೇ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರು ಊಹಿಸಬಲ್ಲರು. ಆದರೆ ಅವರು ಹೇಳುವಷ್ಟರಲ್ಲಿ ಇಬ್ಬರೂ ಸತ್ತಿದ್ದರು. ಹೊಡೆಯುತ್ತಿರುವಾಗಲೇ ಒಬ್ಬ ಹೆಡ್ ಕಾನ್‌ಸ್ಟೇಬಲ್ ಒಬ್ಬ ಇನ್‌ಸ್ಪೆಕ್ಟರನ ಕೈ ತಡೆಯುವುದು ನಮ್ಮ ವ್ಯವಸ್ಥೆಯಲ್ಲಿ ಸಾಧ್ಯವೇ? ಕಲಿಸಿದ್ದೇ ಸೆಲ್ಯೂಟ್ ಹೊಡೆಯುವುದನ್ನಲ್ಲವೇ?

ತಡೆಯುವುದನ್ನೂ ಕಲಿಸಬಹುದು. ನ್ಯೂ ಆರ್ಲಿಯನ್ಸ್ ನಗರದ ಪೊಲೀಸರು ಆ ಹಿಂದಿನ ದಶಕದಲ್ಲೇ ಇದಕ್ಕೊಂದು ಪಾಠ ರೂಪಿಸಿದ್ದರು. ಜೊತೆಯವರು ತಾಳ್ಮೆ ಕಳೆದುಕೊಳ್ಳುವ ಗಳಿಗೆಯನ್ನು ಗುರುತಿಸುವುದು, ನಡುವೆ ಹೋಗುವುದು, ನೀನು ಆಚೆ ಹೋಗಿ ನೀರು ಕುಡಿದು ಬಾ ನಾನು ನೋಡಿಕೊಳ್ಳುತ್ತೇನೆ ಎನ್ನುವುದು, ಹಾಗೆಂದವರ ಮಾತನ್ನು ಹಿರಿಯರೂ ಕೇಳುವುದು. ಇದರ ಹಿಂದಿದ್ದ ಮನಶ್ಶಾಸ್ತ್ರಜ್ಞ ಎರ್ವಿನ್ ಸ್ಟೌಬ್ ಹಂಗೆರಿಯಲ್ಲಿ ಮಗುವಾಗಿದ್ದಾಗ ನಾಜಿಗಳ ಕೈಯಿಂದ ಬದುಕುಳಿದವರು. ನೋಡುತ್ತ ನಿಲ್ಲುವವರು ಏಕೆ ನೋಡುತ್ತ ನಿಲ್ಲುತ್ತಾರೆ ಎಂಬುದನ್ನೇ ಜೀವಮಾನವೆಲ್ಲ ಅಧ್ಯಯನ ಮಾಡಿದವರು. ಸಹಪೈಲಟ್ ಕ್ಯಾಪ್ಟನ್ನನ್ನು ಪ್ರಶ್ನಿಸಬೇಕು ಎಂದು ವಿಮಾನ ಕಂಪನಿಗಳು ಇದನ್ನು ಎಂದೋ ಕಲಿತವು. ಸಿಬ್ಬಂದಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ವಿಮಾನಗಳು ಬಿದ್ದಿದ್ದವು, ಅದಕ್ಕೆ.

ತರಬೇತಿಯಿಂದ ಏನೂ ಆಗದು, ಎಲ್ಲ ರಾಜಕೀಯ, ಎಲ್ಲ ಜಾತಿ, ಎಲ್ಲ ದುಡ್ಡು ಎನ್ನುವವರೂ ಇದ್ದಾರೆ. ಅವರ ನಿರಾಶೆ ಅರ್ಥವಾಗುತ್ತದೆ, ಪೂರ್ತಿ ಒಪ್ಪಿಗೆಯಾಗುವುದಿಲ್ಲ. 2015ರಲ್ಲಿ ಅಮೆರಿಕದ ಪೊಲೀಸ್ ಅಧಿಕಾರಿಗಳ ತಂಡವೊಂದು ಸ್ಕಾಟ್ಲೆಂಡಿನ ಟುಲಿಅಲನ್ ಕೋಟೆಯಲ್ಲಿರುವ ಪೊಲೀಸ್ ಕಾಲೇಜಿಗೆ ಹೋಗಿತ್ತು. ಚಾಕು ಹಿಡಿದು ಕೂಗಾಡುವವರನ್ನು ಕೋವಿಯಿಲ್ಲದೆ ಹೇಗೆ ಸಂಭಾಳಿಸುತ್ತೀರಿ ಎಂದು ನೋಡಲು. ಸ್ಕಾಟ್ ಕಾನ್‌ಸ್ಟೇಬಲ್‌ಗಳು ತೋರಿಸಿದ್ದು ಸರಳ ಸಂಗತಿ: ದೂರ ಕಾಯ್ದುಕೊಳ್ಳಿ, ಹಿಂದೆ ಸರಿಯಿರಿ, ಮಾತಾಡುತ್ತಲೇ ಇರಿ, ಹೊತ್ತು ಕಳೆಯಲು ಬಿಡಿ. ಹಿಂದೆ ಸರಿಯುವುದು ಹೇಡಿತನ ಎಂದು ಕಲಿತು ಬಂದವರಿಗೆ ಇದು ಜೀರ್ಣವಾಗಲು ಹೊತ್ತು ಬೇಕಾಯಿತು. ಆ ಚಿಂತನೆಯಿಂದ ಹುಟ್ಟಿದ ತರಬೇತಿಯನ್ನು ಕೆಂಟಕಿಯ ಲೂಯಿವಿಲ್ ನಗರದಲ್ಲಿ ಜಾರಿಗೆ ತಂದಾಗ ಸಂಶೋಧಕರು ಅಳೆದು ನೋಡಿದರು: ಬಲಪ್ರಯೋಗದ ಪ್ರಕರಣಗಳು ನೂರಕ್ಕೆ 28ರಷ್ಟು, ಜನರಿಗಾದ ಗಾಯಗಳು 26ರಷ್ಟು, ಪೊಲೀಸರಿಗೇ ಆದ ಗಾಯಗಳು 36ರಷ್ಟು ಇಳಿದಿದ್ದವು. ಕೊನೆಯ ಅಂಕಿಯನ್ನು ನಮ್ಮ ಅಕಾಡೆಮಿಗಳ ಗೋಡೆಯ ಮೇಲೆ ಬರೆಸಬೇಕು. ಮೆದುವಾದರೆ ನಮಗೇ ಏಟು ಎಂದು ನಂಬಿದವರಿಗೆ ಅದು ಉತ್ತರ. ಇದೇ ಲೂಯಿವಿಲ್‌ನಲ್ಲಿ 2020ರ ಮಾರ್ಚಿನಲ್ಲಿ ಪೊಲೀಸರು ರಾತ್ರೋರಾತ್ರಿ ಬಾಗಿಲು ಒಡೆದು ನುಗ್ಗಿ ಬ್ರಿಯಾನಾ ಟೇಲರ್ ಎಂಬ ಯುವತಿಯನ್ನು ಕೊಂದರು ಎಂಬುದನ್ನೂ ಹೇಳದಿದ್ದರೆ ತಪ್ಪಾದೀತು. ಒಂದು ಪಾಠ ಒಂದು ಇಲಾಖೆಯನ್ನು ಪೂರ್ತಿ ಬದಲಿಸುವುದಿಲ್ಲ. ಕೆಲವು ಮೂಳೆ ಮುರಿಯುವುದನ್ನು ತಪ್ಪಿಸುತ್ತದೆ; ಮುರಿಯದೆ ಉಳಿದ ಮೂಳೆಯವರಿಗೆ ಅದು ಸಣ್ಣ ಮಾತಲ್ಲ.

ನಮ್ಮಲ್ಲಿ ಇದನ್ನೆಲ್ಲ ಯಾರೂ ಯೋಚಿಸಿಲ್ಲ ಎಂದೇನಿಲ್ಲ. ಕೇಂದ್ರ ಸರ್ಕಾರ 1971ರಲ್ಲೇ ಪೊಲೀಸ್ ತರಬೇತಿಯ ಬಗ್ಗೆ ಒಂದು ಸಮಿತಿ ಮಾಡಿತ್ತು. ಅದರ ಅಧ್ಯಕ್ಷತೆ ಪೊಲೀಸ್ ಅಧಿಕಾರಿಗೆ ಕೊಡದೆ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ. ಎಸ್. ಗೋರೆ ಅವರಿಗೆ ಕೊಟ್ಟರು. ಅಂದಿನ ದಿನಕ್ಕೆ ಅದು ದೊಡ್ಡ ಮಾತು. 1973ರಲ್ಲಿ ಬಂದ ಅವರ ವರದಿ ಪೊಲೀಸರ ಮನೋಭಾವವನ್ನು, ಮನುಷ್ಯ ವರ್ತನೆಯ ತಿಳಿವಳಿಕೆಯನ್ನು ತರಬೇತಿಯ ನಡುಮಧ್ಯಕ್ಕೆ ತರಲು ನೋಡಿತು. ಐವತ್ತು ವರ್ಷ ಕಳೆದ ಮೇಲೆ ಎಲ್ಲಿದ್ದೇವೆ? ನಾನು ಮೇಲೆ ಹೇಳಿದ 2019ರ ವರದಿಗಾಗಿ 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸರನ್ನು ಮಾತಾಡಿಸಿದ್ದರು. ಸಣ್ಣಪುಟ್ಟ ಅಪರಾಧಕ್ಕೆ ಕೋರ್ಟಿನ ವಿಚಾರಣೆಗಿಂತ ಪೊಲೀಸರೇ ಒಂದಿಷ್ಟು ಶಿಕ್ಷೆ ಕೊಟ್ಟು ಕಳಿಸುವುದು ವಾಸಿ ಎಂದವರು ನೂರಕ್ಕೆ 37 ಮಂದಿ. ಅದೇ ವರದಿ ಹೇಳುವ ಇನ್ನೊಂದು ಅಂಕಿ: ಅವರು ದಿನಕ್ಕೆ ದುಡಿಯುವುದು ಸರಾಸರಿ 14 ಗಂಟೆ. ಎರಡನ್ನೂ ಒಟ್ಟಿಗೇ ಓದಬೇಕು. ಹದಿನಾಲ್ಕು ಗಂಟೆ ನಿಂತ ಕಾಲಿನವರಿಗೆ ನ್ಯಾಯ ಬೇಗ ಮುಗಿದರೆ ಸಾಕು ಅನಿಸುತ್ತದೆ.

ಮೂರು ವರ್ಷದ ಪದವಿ ತನ್ನಿ ಎಂದು ನಾನು ಕೇಳುವುದಿಲ್ಲ. ನಮ್ಮ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕುವವರಲ್ಲಿ ಬಿಎ, ಬಿಕಾಂ, ಎಂಜಿನಿಯರಿಂಗ್ ಮುಗಿಸಿದವರು ಈಗಾಗಲೇ ಸಾಲುಗಟ್ಟಿದ್ದಾರೆ. ಪದವಿ ಅವರ ಪೆಟ್ಟಿಗೆಯಲ್ಲೇ ಇದೆ. ಆ ತಲೆಯನ್ನು ಬಾಗಿಲ ಹೊರಗೆ ಬಿಟ್ಟು ದೇಹವನ್ನಷ್ಟೇ ಒಳಗೆ ಕರೆದುಕೊಳ್ಳುತ್ತಿರುವವರು ನಾವು. ನಾನು ಕೇಳುವುದು ಚಿಕ್ಕದು. ಆ ಒಂಬತ್ತು ತಿಂಗಳನ್ನೇ ಮುರಿದು ಜೋಡಿಸಿ: ಐದು ತಿಂಗಳು ಶಾಲೆ, ಆರು ತಿಂಗಳು ಠಾಣೆ, ಉಳಿದ ನಾಲ್ಕು ತಿಂಗಳು ಮತ್ತೆ ಶಾಲೆ. ನಡುವಿನ ಆರು ತಿಂಗಳು ಹೇಗೂ ಅವರು ಠಾಣೆಯಲ್ಲಿ ದುಡಿಯುತ್ತಿರುತ್ತಾರೆ, ಖಜಾನೆಗೆ ಹೆಚ್ಚು ಹೊರೆಯಿಲ್ಲ. ಪ್ರತಿ ಠಾಣೆಯಲ್ಲಿ ಇಬ್ಬರೋ ಮೂವರೋ ಹೆಡ್ ಕಾನ್‌ಸ್ಟೇಬಲ್‌ಗಳನ್ನು ಕಲಿಸುವ ಕೆಲಸಕ್ಕೆಂದೇ ಆರಿಸಿ. ಅವರ ಮೇಲೆ ದೂರುಗಳಿವೆಯೇ ನೋಡಿ, ತಿಂಗಳಿಗೆ ಒಂದಿಷ್ಟು ಭತ್ಯೆ ಕೊಡಿ, ಬಡ್ತಿಯಲ್ಲಿ ಅದಕ್ಕೊಂದು ಅಂಕವಿರಲಿ. ತರಬೇತಿ ಶಾಲೆಗೆ ವರ್ಗವಾಗುವುದೆಂದರೆ ಮೂಲೆಗೆ ತಳ್ಳಿಸಿಕೊಂಡಂತೆ ಎಂದು ಇಲಾಖೆಯೊಳಗೇ ಎಲ್ಲರೂ ಆಡಿಕೊಳ್ಳುತ್ತಾರೆ. ಮೂಲೆಗೆ ತಳ್ಳಿಸಿಕೊಂಡವರು ಬೇಸರವನ್ನಲ್ಲದೆ ಮತ್ತೇನನ್ನು ಕಲಿಸಿಯಾರು?

ಪಾಠದ ಭಾಷೆಯ ಬಗ್ಗೆಯೂ ಒಂದು ಮಾತು. 2024ರ ಜುಲೈ 1ರಿಂದ ಹಳೆಯ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಸೆಕ್ಷನ್ನುಗಳ ನಂಬರೆಲ್ಲ ಬದಲಾದವು. ಒಂದು ತಲೆಮಾರಿನ ಪೊಲೀಸರು ಬಾಯಿಪಾಠ ಮಾಡಿದ್ದು ಒಂದೇ ರಾತ್ರಿಯಲ್ಲಿ ಹಳತಾಯಿತು. ಬಾಯಿಪಾಠದ ಹಣೆಬರಹವೇ ಇಷ್ಟು. ಬಂಧಿಸುವಾಗ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು ಎಂಬುದು ನಂಬರಿನ ವಿಷಯವಲ್ಲ, 1996ರ ಡಿ. ಕೆ. ಬಸು ತೀರ್ಪಿನಲ್ಲೂ ಇತ್ತು, ಈಗಲೂ ಇದೆ. ಅದನ್ನು ಮಾತೃಭಾಷೆಯಲ್ಲಿ, ನಾಟಕದ ಹಾಗೆ ಅಭಿನಯಿಸಿ ಕಲಿಸಿದರೆ ಮನಸ್ಸಿನಲ್ಲಿ ಉಳಿದೀತು. ಬಂಧಿತನ ಪಾತ್ರವನ್ನು ಪ್ರಶಿಕ್ಷಣಾರ್ಥಿಯೇ ಮಾಡಲಿ, ಒಂದು ದಿನ.

ಹುದ್ದೆಗಳು ಖಾಲಿ ಬಿದ್ದಿವೆ, ಇದ್ದವರನ್ನು ಬಂದೋಬಸ್ತಿಗೆ ಕಳಿಸುವುದೇ ಕಷ್ಟ, ವಾಪಸ್ಸು ಶಾಲೆಗೆ ಕಳಿಸುವುದು ಎಲ್ಲಿಂದ ಎಂದು ಯಾವುದೇ ಜಿಲ್ಲೆಯ ಎಸ್‌ಪಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ಎಸ್‌ಪಿ ತಾವು ಜಿಲ್ಲೆಯಿಂದ ಎರಡನೆಯ ಹಂತಕ್ಕೆಂದು ಹೈದರಾಬಾದಿಗೆ ಮರಳಿದಾಗ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಈ ವರ್ಷವೂ ನಿರ್ಗಮನ ಪಥಸಂಚಲನಗಳ ಫೋಟೊಗಳು ಪತ್ರಿಕೆಗಳಲ್ಲಿ ಬರುತ್ತವೆ. ಗೃಹ ಸಚಿವರು ತೆರೆದ ಜೀಪಿನಲ್ಲಿ ನಿಂತು ವಂದನೆ ಸ್ವೀಕರಿಸುತ್ತಾರೆ, ಗುರಿಗಾರಿಕೆಗೆ, ಓಟಕ್ಕೆ, ಕವಾಯತಿಗೆ ಬಹುಮಾನ ಕೊಡುತ್ತಾರೆ, ಮಕ್ಕಳ ಟೋಪಿಯನ್ನು ತಾಯಂದಿರು ತಲೆಗೆ ಹಾಕಿಕೊಂಡು ನಗುತ್ತಾರೆ. ಅದಾದ ಮೇಲೆ ಹುಡುಗರು ಹುಡುಗಿಯರು ಟ್ರಂಕು ಹೊತ್ತು ಬಸ್ಸು ಹತ್ತುತ್ತಾರೆ. ಕೈಯಲ್ಲಿರುವ ಆದೇಶದ ಪ್ರತಿಯಲ್ಲಿ ಠಾಣೆಯ ಹೆಸರಿರುತ್ತದೆ, ಹಾಜರಾಗಬೇಕಾದ ತಾರೀಖಿರುತ್ತದೆ. ಮೊದಲ ರಾತ್ರಿ ಬೀಟಿಗೆ ಯಾರ ಜೊತೆ ಹೋಗಬೇಕು ಎಂಬುದು ಅದರಲ್ಲಿ ಇರುವುದಿಲ್ಲ.